ಕಡಾಣಿ ಕಳೆದ ಗಾಡಿ

ಮಗ್ಗದ ಕುಣಿಯನ್ನು ಮುಚ್ಚಿಸಿ ಮೇಲೆ ಕಲ್ಲು ಹಾಸಿಬಿಡೋಣವೆಂದು ಕಳೆದ ವಾರ ಆಳು ಕರೆಸಿದ್ದೆ. ನೇಯುವವನು ಕಾಲು ಇಳಿಬಿಟ್ಟು ಕೂಡುವ ಆ ಕುಣಿಯಲ್ಲಿ ಈಗ ನಮ್ಮ ಮನೆಯಲ್ಲಿ ಯಾರೂ ಕೂಡುವುದಿಲ್ಲ. ನನ್ನ ಮೊಣಕಾಲುಗಳು ಕೈಕೊಟ್ಟಿವೆ, ಮಗ ಹೊಸ ಮಗ್ಗವನ್ನು ಪಡಸಾಲೆಯಲ್ಲಿ ಹೂಡಿಕೊಂಡಿದ್ದಾನೆ. ಆಳು ಮೂಲೆಯ ಕಲ್ಲೊಂದನ್ನು ಸರಿಸಿದವನೇ "ಅಜ್ಜಾರ, ಇಲ್ಲೇನೋ ಐತ್ರಿ" ಎನ್ನುತ್ತ ಅರಿವೆಯ ಸಣ್ಣ ಗಂಟೊಂದನ್ನು ಮೇಲಕ್ಕೆ ಚಾಚಿದ. ಬಿಚ್ಚುವ ಮೊದಲೇ ವಾಸನೆ ಬಂತು. ಔಡಲೆಣ್ಣೆಗೆ ಸುಟ್ಟ ಹುಲ್ಲಿನ ಬೂದಿ ಕಲಸಿದ ಕೀಲೆಣ್ಣೆಯ ವಾಸನೆ... ಒಳಗೆ ಗೇಣುದ್ದದ ಕಬ್ಬಿಣದ ಕಡಾಣಿ. ಗಾಡಿಯ ಗಾಲಿ ಅಚ್ಚಿನಿಂದ ಕಳಚಿ ಬೀಳದಂತೆ ಅಚ್ಚಿನ ತುದಿಗೆ ತೂರಿಸುತ್ತಾರಲ್ಲ, ಆ ಮೊಳೆ. ನಾನು ಅಲ್ಲೇ ಕುಣಿಯ ದಂಡೆಯ ಮೇಲೆ ಕುಳಿತುಬಿಟ್ಟೆ. ಆಳು ನೀರು ಬೇಕೇನೆಂದು ಕೇಳಿದ.

ಅದು ನಮ್ಮ ಎದುರು ಮನೆಯ ಗಾಡಿ ಕಾಕಾನದು. ಅವರಿಗೊಂದು ಹೆಸರಿತ್ತು, ಆದರೆ ಇಳಕಲ್ಲಿನ ನಮ್ಮ ಓಣಿಯಲ್ಲಿ ಯಾರೂ ಆ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಅವರದು ನಮ್ಮಷ್ಟೇ ಹಳೆಯ ಮುಸಲ್ಮಾನರ ಮನೆ. ಅವರ ಅಣ್ಣ ಒಳ್ಳೆಯ ನೇಕಾರರು. ಕಾಕಾನನ್ನೂ ಎಳವೆಯಲ್ಲಿ ಮಗ್ಗಕ್ಕೆ ಕೂಡಿಸಲು ತಂದೆ ಬಹಳ ಹೆಣಗಿದರಂತೆ. ಇವರು ಕುಣಿಯಿಂದ ಜಿಗಿದು, ಹೊರಗೆ ಹೋಗುತ್ತಿದ್ದ ಯಾರದೋ ಗಾಡಿಯ ಹಿಂದೆ ಓಡಿಹೋದವರು ಮೂರು ದಿನ ಪತ್ತೆಯಿರಲಿಲ್ಲ ಎಂದು ನಮ್ಮವ್ವ ಹೇಳುತ್ತಿದ್ದಳು. ಮದುವೆಯಾದ ಸ್ವಲ್ಪ ದಿನಕ್ಕೇ ಹೆಂಡತಿ ತೀರಿಕೊಂಡಳು. ಎರಡನೆಯ ಸಂಬಂಧದ ಮಾತು ಬಂದಾಗ ಇವರು ಗಾಡಿಯನ್ನೇ ಕಟ್ಟಿಕೊಂಡರು.

ಆಗ ಬಾದಾಮಿ, ಬಾಗಲಕೋಟೆಗಳಿಗೆ ರೈಲು ಬಂದಾಗಿತ್ತು. ಕಾಕಾನಿಗೆ ರೈಲೆಂದರೆ ಆಗದು. ಹಳ್ಳಿಯ ಮುಂದೆ ನಿಲ್ಲದೆ ಹೋಗುವ ವಾಹನ ಎಂಥ ವಾಹನ ಎಂದು ಮೂಗು ಮುರಿಯುತ್ತಿದ್ದರು. ನಮ್ಮ ಓಣಿಯ ನಾಲ್ಕಾರು ಮನೆಗಳ ಸೀರೆಗಳನ್ನು ಹೇರಿಕೊಂಡು, ಜೊತೆಗೆ ಮಾರುವವನೊಬ್ಬನನ್ನು ಕೂಡಿಸಿಕೊಂಡು, ದಸರೆ ಮುಗಿದ ಮೇಲೆ ಹೊರಟರೆಂದರೆ ರಾಮದುರ್ಗ, ಬೆಳಗಾವಿ ದಾಟಿ ಕೊಲ್ಲಾಪುರದ ಆಚೆಯವರೆಗೂ ಹೋಗಿ, ಸಂಕ್ರಾಂತಿಯ ಹೊತ್ತಿನ ಬನದ ಹುಣ್ಣಿಮೆ ಕಳೆದ ಮೇಲೆ ಮರಳುತ್ತಿದ್ದರು. ಆ ಮಾರುವವನು ನಾನಾಗಿ ಕೆಲವು ವರ್ಷ ಅವರೊಡನೆ ಸುತ್ತಿದ್ದೇನೆ. ಅಂಥ ಸುಖದ ದಿನಗಳನ್ನು ನಾನು ಆಮೇಲೆ ಕಂಡಿಲ್ಲ. ಮೂರು ಕಲ್ಲು ಹೂಡಿ ಅವರು ಮಾಡುತ್ತಿದ್ದ ಬದನೆಕಾಯಿ ಪಲ್ಯದ ರುಚಿ ನನ್ನ ಹೆಂಡತಿಯ ಕೈಗೆ ಕೊನೆಗೂ ಬರಲಿಲ್ಲ, ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ನನಗೂ ಬರಲಿಲ್ಲ.

ಅವರ ಬಾಯಲ್ಲಿ ದೂರ ಎನ್ನುವ ಮಾತೇ ಇರಲಿಲ್ಲ. ಇನ್ನೆಷ್ಟು ದೂರ ಎಂದು ಕೇಳಿದರೆ "ಇಲ್ಲೇ ಐತಿ, ಆ ಬೇವಿನ ಗಿಡಾ ದಾಟಿದರ ಬಂತು" ಎನ್ನುತ್ತಿದ್ದರು. ಆ ಗಿಡ ದಾಟಿದರೆ ಇನ್ನೊಂದು ಬೇವಿನ ಗಿಡ. ಬರೀ ಬೇವಿನ ಗಿಡಗಳನ್ನು ದಾಟಿಸುತ್ತಲೇ ನನ್ನನ್ನು ಕೊಲ್ಲಾಪುರ ಮುಟ್ಟಿಸಿದ ಪುಣ್ಯಾತ್ಮ ಅವರು. ಎತ್ತುಗಳೊಡನೆ ಉರ್ದುವಿನಲ್ಲಿ ಮಾತಾಡುತ್ತಿದ್ದರು, ಬೈಯುವಾಗ ಮಾತ್ರ ಕನ್ನಡ. ಯಾಕೆಂದು ಕೇಳಿದ್ದಕ್ಕೆ, ಬೈಗುಳ ಅವುಗಳಿಗೆ ಚೆನ್ನಾಗಿ ತಿಳಿಯಬೇಕಲ್ಲ ಎಂದಿದ್ದರು.

ಅಂಥ ಮನುಷ್ಯನ ಮೇಲೆ ನನಗೆ ಸಿಟ್ಟು ಬರುತ್ತಿದ್ದದ್ದು ಒಂದೇ ಕಡೆ, ನಮ್ಮೂರ ಹೊರಗಿನ ಹಳ್ಳದಲ್ಲಿ. ತಿಂಗಳುಗಟ್ಟಲೆ ತಿರುಗಿ, ಇನ್ನೇನು ಮನೆ ಬಂತು, ಊರ ಕೆಂಪು ಕಲ್ಲಿನ ಗುಡ್ಡ ಕಣ್ಣಿಗೆ ಬಿತ್ತು ಎನ್ನುವಾಗ ಕಾಕಾ ಹಳ್ಳದ ದಂಡೆಗೆ ಗಾಡಿ ಬಿಡುತ್ತಿದ್ದರು. ಎತ್ತುಗಳ ಮೈ ತೊಳೆಯುವುದು, ಕೊಂಬು ಒರೆಸಿ ಎಣ್ಣೆ ಹಚ್ಚುವುದು, ಆಮೇಲೆ ತಾವು ಸ್ನಾನ, ಕೈಗನ್ನಡಿ ಹಿಡಿದು ಗಡ್ಡ ತಿದ್ದಿಕೊಳ್ಳುವುದು, ತಿಂಗಳಿಂದ ಮಡಿಚಿಟ್ಟ ಬಿಳಿ ರುಮಾಲನ್ನು ಬಿಚ್ಚಿ ಸುತ್ತಿ ಮತ್ತೆ ಬಿಚ್ಚಿ ಮತ್ತೆ ಸುತ್ತುವುದು. ನಾನು ದಂಡೆಯ ಮೇಲೆ ಹಲ್ಲು ಕಡಿಯುತ್ತ ಕೂಡುತ್ತಿದ್ದೆ. ಅವರು ಮಾತ್ರ ತಣ್ಣಗೆ ಹೇಳುತ್ತಿದ್ದರು:

"ದಾರ್ಯಾಗಿನ ಮಾರಿ ಹೊತಗೊಂಡು ಮನ್ಯಾಗ ಕಾಲಿಡಬಾರದೋ ತಮ್ಮಾ. ಅವರು ಕಾಯತಿರೂದು ಇಲ್ಲಿಂದ ಹೋದಾವನ್ನ. ದಣದ ಬಂದಾವನ್ನಲ್ಲ."

ಇಷ್ಟೆಲ್ಲ ಸಿಂಗಾರ ಬಾಗಿಲಿಗಾಗಿ. ನಮ್ಮ ಓಣಿಯಲ್ಲಿ ದೂರದ ದಾರಿ ಹೋದವರು ಮರಳಿದರೆ ಹಾಗೇ ಒಳಗೆ ಬರುವಂತಿರಲಿಲ್ಲ. ಮನೆಯ ಹೆಣ್ಣುಮಗಳು ತಂಬಿಗೆ ನೀರು ತಂದು ಕಾಲಿಗೆ ಹಾಕಿ, ರೊಟ್ಟಿಯ ತುಣುಕೊಂದನ್ನು ಮುಖದ ಮುಂದೆ ನಿವಾಳಿಸಿ ಹೊರಗೆ ಒಗೆದ ಮೇಲೆಯೇ ಹೊಸ್ತಿಲು ದಾಟಬೇಕು. ನಮ್ಮ ಮನೆಯಲ್ಲೂ ಹಾಗೇ, ಎದುರಿನ ಕಾಕಾನ ಮನೆಯಲ್ಲೂ ಹಾಗೇ. ಅವರಿಗೆ ನೀರು ಹಾಕುತ್ತಿದ್ದವರು ಅಣ್ಣನ ಹೆಂಡತಿ. ಹಾಕುವಾಗೆಲ್ಲ "ಬಂದ್ರಪಾ ನವಾಬರು" ಎಂದು ಚೇಷ್ಟೆ ಮಾಡುತ್ತಿದ್ದರು. ಕಾಕಾ ಆ ಮಾತಿಗಾಗಿಯೇ ರುಮಾಲು ಸುತ್ತುತ್ತಿದ್ದರೇನೋ.

ನಾನು ಹೇಳಬೇಕೆಂದಿರುವ ವರ್ಷ ನನ್ನ ಹೆಂಡತಿ ಚೊಚ್ಚಲ ಬಸುರಿ. ಅವಳ ತವರಿನಲ್ಲಿ ತಾಯಿ ಇರಲಿಲ್ಲವಾಗಿ ಹೆರಿಗೆ ನಮ್ಮಲ್ಲೇ ಎಂದಾಗಿತ್ತು. ಕೊಲ್ಲಾಪುರದಿಂದ ಹಿಂತಿರುಗುವ ದಾರಿಯುದ್ದಕ್ಕೂ ನಾನು ಅದೇ ಚಿಂತೆಯಲ್ಲಿದ್ದೆ. ಬಾದಾಮಿ ದಾಟಿ, ಮಲಪ್ರಭೆ ದಾಟಿ ಗುಡೂರಿಗೆ ಬಂದಾಗ ಅಲ್ಲಿ ಸಂತೆ ಸೇರಿತ್ತು. ನಮ್ಮ ಓಣಿಯ ಎಣ್ಣೆ ವ್ಯಾಪಾರಿಯೊಬ್ಬ ನಮ್ಮನ್ನು ಕಂಡು ಓಡಿ ಬಂದ. "ಹೆಣ್ಣ ಹುಟ್ಯಾಳೋ ನಿನಗ! ತಾಯಿ ಮಗಳು ಆರಾಮ ಅದಾರ" ಎಂದ. ನನಗೆ ನೆಲ ಕಾಣದಾಯಿತು. ಆಮೇಲೆ ಅವನು ಕಾಕಾನನ್ನು ಗಾಡಿಯ ಹಿಂದಕ್ಕೆ ಕರೆದುಕೊಂಡು ಹೋಗಿ ಏನೋ ಮಾತಾಡಿದ. ಎಣ್ಣೆ ಪೇಟೆಯ ಸುದ್ದಿ ಇರಬೇಕೆಂದು ನಾನು ಅತ್ತ ಲಕ್ಷ್ಯ ಕೊಡಲಿಲ್ಲ.

ಅವನು ಹೇಳಿದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಕಾಕಾನ ಅಣ್ಣ, ಅಣ್ಣನ ಹೆಂಡತಿ ಇಬ್ಬರೂ ಜ್ವರದಲ್ಲಿ ಒಬ್ಬರ ಹಿಂದೆ ಒಬ್ಬರು ತೀರಿಕೊಂಡಿದ್ದರು. ಮಣ್ಣು ಮುಗಿದು ಆಗಲೇ ವಾರದ ಮೇಲಾಗಿತ್ತು. ಅವರ ಮೂರು ಮಕ್ಕಳು ನಮ್ಮ ಮನೆಯಲ್ಲಿ ಉಣ್ಣುತ್ತಿದ್ದವು.

ಕಾಕಾ ಗಾಡಿಯ ಹಿಂದಿನಿಂದ ಬಂದರು. ಸಂತೆಗೆ ಹೋಗಿ ಬೆಲ್ಲ, ಪುಠಾಣಿ ತಂದು ನನ್ನ ಕೈಗಿಟ್ಟರು. "ಲಕ್ಷ್ಮಿ ಬಂದಾಳ, ಬಾಯಿ ಸೀ ಮಾಡ್ಕೋ" ಎಂದರು. ಗುಡೂರಿನಿಂದ ಇಳಕಲ್ಲಿಗೆ ಒಂದು ಹಗಲಿನ ದಾರಿ. ಅಷ್ಟೂ ಹೊತ್ತು ನಾನು ಹರಟಿದೆ... ಮಗಳು ಯಾರ ಹಾಗಿರಬಹುದು, ಹೆಸರೇನು ಇಡಬೇಕು, ತೊಟ್ಟಿಲು ಯಾರಿಂದ ಮಾಡಿಸಬೇಕು. ಅವರು ಹೂಂ ಎಂದರು, ನಕ್ಕರು, ಮಧ್ಯೆ ಒಂದು ಹೆಸರನ್ನೂ ಸೂಚಿಸಿದರು. ಆ ಹೆಸರನ್ನೇ ಇಟ್ಟೆವು. ಎತ್ತುಗಳಿಗೆ ಅವರು ಆ ದಿನ ಒಂದು ಬೈಗುಳವನ್ನೂ ಬೈಯಲಿಲ್ಲವೆನ್ನುವುದು ನನಗೆ ಹೊಳೆದದ್ದು ಬಹಳ ತಡವಾಗಿ.

ಹಳ್ಳ ಬಂತು. ಇವತ್ತಾದರೂ ನಿಲ್ಲಬೇಡಿರಿ ಎಂದು ಗೋಗರೆದೆ. ಅವರು ಗಾಡಿ ಬಿಟ್ಟೇ ಬಿಟ್ಟರು. ನನ್ನನ್ನು ನೀರಿಗಿಳಿಸಿ, ಬೆನ್ನು ತಿಕ್ಕಿ, ತಮ್ಮ ಬಿಳಿ ರುಮಾಲನ್ನೇ ತೆಗೆದು ನನ್ನ ತಲೆಗೆ ಸುತ್ತಿದರು. ತಾವು ಮಾತ್ರ ದಾರಿಯ ಧೂಳಿನಲ್ಲೇ ನಿಂತಿದ್ದರು.

"ಯಾಕ ಕಾಕಾ, ಇವತ್ತ ನವಾಬರು ಹಂಗ ಹೊಂಟಾರಲ್ರೀ?" ಎಂದು ಚೇಷ್ಟೆ ಮಾಡಿದೆ.

"ಇವತ್ತ ನಿಂದ ಸರದಿ" ಎಂದರು.

ನಮ್ಮ ಬಾಗಿಲಲ್ಲಿ ಅವ್ವ ತಂಬಿಗೆ ಹಿಡಿದು ನಿಂತಿದ್ದಳು. ನನ್ನ ಕಾಲಿಗೆ ನೀರು ಹಾಕುವಾಗ ಅವಳ ಕಣ್ಣು ನನ್ನ ಮೇಲಿರಲಿಲ್ಲ, ನನ್ನ ಹಿಂದೆ ನೊಗ ಹಿಡಿದು ನಿಂತ ಕಾಕಾನ ಮೇಲಿತ್ತು. ಮುಖ ನೋಡಿಯೇ ಅವರಿಗೆ ಗೊತ್ತಾಗಿದೆಯೆಂದು ಅವಳಿಗೆ ತಿಳಿಯಿತು. ಅವಳು ಅಳತೊಡಗಿದಳು. ನನಗೆ ಆಗಲೇ ಎಲ್ಲ ಗೊತ್ತಾದದ್ದು. ಅವ್ವ ಅದೇ ತಂಬಿಗೆ ಹಿಡಿದು ಅವರತ್ತ ಹೋದಾಗ ಕಾಕಾ ಕೈ ಅಡ್ಡ ಹಿಡಿದು "ಬ್ಯಾಡ್ರಿ ವೈನಿ, ಅಲ್ಲಿ ನೋಡ್ರಿ" ಎಂದರು. ಎದುರಿನ ಬಾಗಿಲಲ್ಲಿ ಅಣ್ಣನ ಮಗಳು, ಏಳೆಂಟು ವರ್ಷದ್ದು, ತನಗೆ ಎತ್ತಲು ಬಾರದಷ್ಟು ದೊಡ್ಡ ಕೊಡ ಹಿಡಿದು ನಿಂತಿತ್ತು. ತಾಯಿ ಮಾಡುತ್ತಿದ್ದದ್ದನ್ನು ನೋಡಿತ್ತಲ್ಲ... ನೀರು ಅರ್ಧ ಅವಳ ಮೇಲೇ ಚೆಲ್ಲಿತು, ಅರ್ಧ ಅವರ ಕಾಲಿನ ಮೇಲೆ. ರೊಟ್ಟಿ ಮರೆತಿದ್ದಳು. ಕಾಕಾ ಅವಳನ್ನು ಎತ್ತಿಕೊಂಡು ಒಳಗೆ ಹೋದರು.

ಯಾಕೆ ಹೇಳಲಿಲ್ಲ ಕಾಕಾ, ನಾನು ದಾರಿಯುದ್ದಕ್ಕೂ ಹುಚ್ಚನ ಹಾಗೆ ನಗುತ್ತ ಬಂದೆನಲ್ಲ ಎಂದು ಕೆಲವು ದಿನಗಳ ನಂತರ ಅವರ ಮೇಲೆ ಹರಿಹಾಯ್ದೆ. ಅವರು ಅಣ್ಣನ ಕೊನೆಯ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಗಂಜಿ ಕುಡಿಸುತ್ತಿದ್ದರು. "ನಿನ್ನ ಮಗಳ ಸುದ್ದಿಗೆ ಒಂದ ದಿನಾ ಆದ್ರೂ ಆಯುಷ್ಯ ಇರಲಿ ಅಂದೆ. ನಂದೇನು, ಎಲ್ಲೂ ಓಡಿ ಹೋಗೂದಿಲ್ಲಲ್ಲ" ಎಂದರು.

ಇವರು ನಿಲ್ಲುವವರಲ್ಲ ಎಂದು ಓಣಿಯೆಲ್ಲ ಆಡಿಕೊಂಡಿತು. ಮಕ್ಕಳನ್ನು ಯಾವುದಾದರೂ ನೆಂಟರ ಮನೆಗೆ ಸೇರಿಸಿ ಮುಂದಿನ ದಸರೆಗೆ ಗಾಡಿ ಹೂಡುತ್ತಾರೆ ಎಂದೇ ನಾನೂ ತಿಳಿದಿದ್ದೆ. ಕಾಕಾ ಎತ್ತುಗಳನ್ನು ಬೇವೂರಿನ ಒಬ್ಬ ಪರಿಚಯದ ರೈತನಿಗೆ ಒಪ್ಪಿಸಿ ಬಂದರು. ಗಾಡಿಯನ್ನು ಮನೆಯ ಮುಂದಿನ ಬೇವಿನ ಗಿಡಕ್ಕೆ ಆನಿಸಿ ನಿಲ್ಲಿಸಿದರು. ಅಣ್ಣ ಅರ್ಧ ನೇಯ್ದು ಬಿಟ್ಟ ಸೀರೆ ಮಗ್ಗದ ಮೇಲೆ ಹಾಗೇ ಇತ್ತು. ಎಳವೆಯಲ್ಲಿ ಯಾವ ಕುಣಿಯಿಂದ ಜಿಗಿದು ಓಡಿಹೋಗಿದ್ದರೋ ಅದೇ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತರು.

ಕಲಿಸಿದವಳು ನಮ್ಮವ್ವ. ನಮ್ಮ ಸೀರೆಗೆ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮೈಯ ಒಂದೊಂದು ಎಳೆಗೂ ಸೆರಗಿನ ಒಂದೊಂದು ಎಳೆಯನ್ನು ಕೊಂಡಿ ಹಾಕಿ ಸೇರಿಸಬೇಕು. ಗಂಟು ಕಟ್ಟುವಂತಿಲ್ಲ. ಕಾಕಾನ ಒರಟು ಬೆರಳಿಗೆ ಎಳೆ ಸಿಕ್ಕರೆ ಕೊಂಡಿ ತಪ್ಪುವುದು, ಕೊಂಡಿ ಬಿದ್ದರೆ ಎಳೆ ಹರಿಯುವುದು. "ಎತ್ತ ಆಗಿದ್ದರ ಒಂದ ಕನ್ನಡದಾಗ ಬೈತಿದ್ದೆ ವೈನಿ" ಎನ್ನುತ್ತಿದ್ದರು. ಅವ್ವ ನಗುತ್ತ "ಬೈರಿ, ನೂಲಿಗೂ ಕನ್ನಡ ತಿಳೀತೈತಿ" ಎನ್ನುತ್ತಿದ್ದಳು. ಆ ಮೊದಲ ಸೀರೆಯಲ್ಲಿ ಅಣ್ಣನ ಕೈ ನಿಂತು ತಮ್ಮನ ಕೈ ಸುರುವಾದದ್ದು ಕುರುಡನಿಗೂ ಗೊತ್ತಾಗುವಂತಿತ್ತು. ಯಾರೂ ಕೊಳ್ಳಲಿಲ್ಲ. ಅದನ್ನು ನಮ್ಮವ್ವ ಉಟ್ಟು ಹರಿದಳು.

ಎಷ್ಟೋ ತಿಂಗಳ ಮೇಲೆ, ಕಾಕಾ ಗಾಲಿಗಳಿಗೆ ಎಣ್ಣೆ ಹಚ್ಚಲೆಂದು ಕಡಾಣಿ ಕಿತ್ತು ಕಲ್ಲಿನ ಮೇಲೆ ಇಟ್ಟಿದ್ದರು. ಎಣ್ಣೆ ಹಚ್ಚಿ ತಿರುಗಿ ನೋಡಿದರೆ ಒಂದು ಕಡಾಣಿ ಇಲ್ಲ. ಅಲ್ಲಿ ಇಲ್ಲಿ ಕೈಯಾಡಿಸಿದರು, ನಮ್ಮ ಅಂಗಳದಲ್ಲೂ ಹುಡುಕಿದಂತೆ ಮಾಡಿದರು, ಆಮೇಲೆ ಸುಮ್ಮನಾದರು. ದಸರೆ ಬಂತು. ಗಾಡಿ ಹೂಡುತ್ತೀರೇನೆಂದು ಕೇಳಲು ವ್ಯಾಪಾರಿಗಳು ಬಂದರು. "ಕಡಾಣಿ ಕಳದೈತ್ರಿ, ಏನ ಮಾಡೂದು" ಎಂದು ಕೈ ತಿರುವಿದರು.

ಓಣಿ ನಕ್ಕಿತು. ಯಾಕೆಂದರೆ ಅದೇ ಓಣಿಯ ಕೊನೆಯಲ್ಲಿ ಕಂಬಾರನ ಕುಲುಮೆ ಇತ್ತು. ಕಂಬಾರ ತಾನಾಗಿಯೇ ಬಂದು "ಕಾಕಾ, ಒಂದ ತಾಸಿನ್ಯಾಗ ಬಡದ ಕೊಡತೇನಿ, ಅಳತಿ ಹೇಳ್ರಿ" ಎಂದ. "ನನ್ನ ಗಾಡಿಗೆ ಹೊಸಾದು ಒಗ್ಗೂದಿಲ್ಲೋ. ಹಳೇದ ಸಿಗಲಿ ತಡಿ" ಎಂದರು ಕಾಕಾ. ಮರುವರ್ಷವೂ ಅದೇ ಮಾತು, ಅದರ ಮರುವರ್ಷವೂ ಅದೇ. ಆಮೇಲೆ ನಮ್ಮ ಓಣಿಯಲ್ಲಿ ಯಾರಾದರೂ ಕೆಲಸ ತಪ್ಪಿಸಿಕೊಂಡರೆ "ಏನಪಾ, ಕಡಾಣಿ ಕಳದೈತೇನು?" ಎನ್ನುವುದು ರೂಢಿಯೇ ಆಯಿತು.

ಆದರೆ ಅವರು ದಾರಿಯನ್ನು ಮರೆತಿದ್ದರೆಂದು ಯಾರೂ ತಿಳಿಯಬಾರದು. ಹೊರಡದ ಗಾಡಿಗೆ ಪ್ರತಿ ದಸರೆಗೂ ಎಣ್ಣೆ ಹಚ್ಚುತ್ತಿದ್ದರು. ಸಂಜೆ ಮಗ್ಗದಿಂದ ಎದ್ದು ಆ ಗಾಡಿಯ ನೊಗ ಕಟ್ಟುವ ಮೂಕಿಮರದ ಮೇಲೆ ಒಬ್ಬರೇ ಕೂಡುತ್ತಿದ್ದರು. ನಾನು ಬೇರೆಯವರ ಗಾಡಿಯಲ್ಲಿ ಹೊರಟಾಗ ಹಳ್ಳದವರೆಗೂ ನಡೆದು ಬಂದು, ಅಲ್ಲಿ ನಿಂತು, ಧೂಳು ಅಡಗುವ ತನಕ ನೋಡುತ್ತಿದ್ದರು. ಅಣ್ಣನ ಆ ಮಗಳು ಅವರ ಹಿಂದೆಯೇ ಬಂದು ಅಂಗಿಯ ಚುಂಗು ಹಿಡಿದು ನಿಂತಿರುತ್ತಿತ್ತು. ನಾನು ಮರಳಿದಾಗ ಯಾವ ಬೇವಿನ ಗಿಡ ಇನ್ನೂ ಇದೆ, ಯಾವುದನ್ನು ಕಡಿದಿದ್ದಾರೆ ಎಂದು ಮೊದಲು ಕೇಳುತ್ತಿದ್ದರು.

ಆ ಹುಡುಗಿಗೆ ಶಿರೂರಿನಲ್ಲಿ ಸಂಬಂಧ ಕೂಡಿಬಂತು. ನಿಕಾಹ ಮುಗಿದು ಅವಳನ್ನು ಕಳಿಸುವ ಎರಡು ದಿನ ಮುಂಚೆ ಕಾಕಾ ಯಾರದೋ ಗಾಡಿ ಕೇಳಿ ತರಲು ಹೊರಟಿದ್ದರು. ಹುಡುಗಿ ಒಳಗಿನಿಂದ ಬಂದು ಅರಿವೆಯ ಗಂಟೊಂದನ್ನು ಅವರ ಮುಂದೆ ಹಿಡಿದಳು.

"ಚಾಚಾ, ನಿಮ್ಮ ಕಡಾಣಿ. ನೂಲಿನ ಗಡಗ್ಯಾಗ ನಾನ ಬಚ್ಚಿಟ್ಟಿದ್ದೆ. ನೀವು ಬಿಟ್ಟು ಹೋಗತೀರಂತ..." ಎನ್ನುತ್ತ ಅತ್ತಳು.

ಕಾಕಾ ಅವಳ ತಲೆ ಸವರಿದರು. "ನೀ ತಗೊಂಡ ದಿನಾನ ನೋಡೇನಿ, ಬೇಟಾ. ವರ್ಷಾ ವರ್ಷಾ ನಾನ ಅದನ್ನ ಗಡಗಿಯಿಂದ ತಗದು, ಎಣ್ಣಿ ಹಚ್ಚಿ, ಮತ್ತ ಅಲ್ಲೇ ಇಡತಿದ್ದೆ. ತುಕ್ಕ ಹಿಡೀಬಾರದಲ್ಲ."

ಬೇವೂರಿನಿಂದ ಎತ್ತು ತರಿಸಿದರು. ನಾನೂ ಹೋಗಿದ್ದೆ. ಹುಡುಗಿ ಅಳುತ್ತಲೇ ಇದ್ದಳು. ಇನ್ನೆಷ್ಟು ದೂರ ಚಾಚಾ ಎಂದರೆ "ಇಲ್ಲೇ ಐತಿ, ಆ ಬೇವಿನ ಗಿಡಾ ದಾಟಿದರ ಬಂತು". ಅಳು ನಿಂತು ನಗು ಬಂತು ಅವಳಿಗೆ. ಅವಳನ್ನು ಗಂಡನ ಮನೆಗೆ ಮುಟ್ಟಿಸಿ ಹಿಂತಿರುಗುವಾಗ ಕಾಕಾ ಶಿರೂರು ಮರೆಯಾಗುವವರೆಗೆ ಹೊರಳಿ ಹೊರಳಿ ನೋಡಿದರು. ಆಮೇಲೆ ಎತ್ತುಗಳನ್ನು ಕನ್ನಡದಲ್ಲಿ ಬೈಯಲು ಸುರುಮಾಡಿದರು. ಬಾಗಿದ ಬೆನ್ನು ನೆಟ್ಟಗಾಯಿತು. ಹಳ್ಳ ಬಂದಾಗ ಗಾಡಿ ಬಿಟ್ಟರು. ಎತ್ತು ತೊಳೆದರು, ಸ್ನಾನ ಮಾಡಿದರು, ನೆರೆತ ಗಡ್ಡ ತಿದ್ದಿಕೊಂಡರು, ರುಮಾಲು ಸುತ್ತಿ ಬಿಚ್ಚಿ ಮತ್ತೆ ಸುತ್ತಿದರು. ನನಗೆ ಆ ದಿನ ಹಲ್ಲು ಕಡಿಯಬೇಕೆನಿಸಲಿಲ್ಲ.

"ಕೊಲ್ಲಾಪುರದ ದಾರಿ ಈಗ ಹೆಂಗೈತೋ ಏನೋ" ಎಂದರು, ಕನ್ನಡಿ ನೋಡುತ್ತ.

ಅವರ ಮನೆಯಲ್ಲಿ ಇನ್ನೂ ಇಬ್ಬರು ಹುಡುಗರಿದ್ದರು. ದೊಡ್ಡವನಿಗೆ ಮಗ್ಗ ಈಗಷ್ಟೇ ಕೈಗೆ ಹತ್ತುತ್ತಿತ್ತು, ಚಿಕ್ಕವನು ಕಾಕಾನನ್ನು ಬಿಟ್ಟು ಮಲಗುತ್ತಿರಲಿಲ್ಲ. ಇವರನ್ನು ಹೋಗಬೇಡಿ ಎನ್ನಲು ನನಗೆ ಬಾಯಿಲ್ಲ, ಹೋಗಿ ಎನ್ನಲು ಮನಸ್ಸಿಲ್ಲ. ಎದ್ದು ಎತ್ತುಗಳನ್ನು ನೊಗಕ್ಕೆ ಹೂಡಿದೆ.

ಓಣಿಗೆ ಬಂದೆವು. ನೀರು ಹಾಕಲು ಅವರ ಮನೆಯಲ್ಲಿ ಈಗ ಹೆಣ್ಣುಮಗಳಿರಲಿಲ್ಲ. ಹುಡುಗರಿಬ್ಬರೂ ಬಾಗಿಲಲ್ಲಿ ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದರು. ಕಾಕಾ ಹೊಸ್ತಿಲ ಹೊರಗೆ ರುಮಾಲು ಸರಿಮಾಡಿಕೊಳ್ಳುತ್ತ ನಿಂತರು... ನಾನು ನಮ್ಮ ಮನೆಯತ್ತ ಕೂಗಬೇಕೆನ್ನುವಷ್ಟರಲ್ಲಿ ನನ್ನ ಮಗಳು, ಗುಡೂರಿನ ಸಂತೆಯಲ್ಲಿ ಸುದ್ದಿಯಾಗಿ ಬಂದವಳು, ತಂಬಿಗೆ ಹಿಡಿದು ನಮ್ಮ ಬಾಗಿಲಿನಿಂದ ಓಡಿದಳು. ಅವರ ಕಾಲಿಗೆ ನೀರು ಹಾಕಿದಳು. ರೊಟ್ಟಿಯ ತುಣುಕನ್ನೂ ಮರೆತಿರಲಿಲ್ಲ. ಅಜ್ಜಿ ಹೇಳಿಕೊಟ್ಟಿದ್ದಳೋ ತಾನೇ ಕೇಳಿದ್ದಳೋ, "ಬಂದ್ರಪಾ ನವಾಬರು" ಎಂದಳು.

ಕಾಕಾ ಒಳಗೆ ಹೋಗುವ ಬದಲು ಗಾಡಿಯತ್ತ ನಡೆದರು. ಗಾಡಿಯನ್ನು ಬೇವಿನ ಗಿಡಕ್ಕೆ ಆನಿಸಿ, ಎತ್ತು ಬಿಚ್ಚಿ, ಬಗ್ಗಿ, ಆ ಒಂದು ಕಡಾಣಿಯನ್ನು ಕಿತ್ತು ಅರಿವೆಯಲ್ಲಿ ಸುತ್ತಿದರು. ನನ್ನ ಮಗಳ ಎರಡೂ ಕೈ ಹಿಡಿದು ಅದರಲ್ಲಿಟ್ಟರು.

"ತಗೋ ಅವ್ವಿ. ಎಲ್ಲೆರೆ ಬಚ್ಚಿಡು. ನನಗ ಹೇಳಬ್ಯಾಡ."

ಅವರು ಕೇಳಲಿಲ್ಲ, ಅವಳು ಹೇಳಲಿಲ್ಲ. ಗಾಡಿ ಅಲ್ಲೇ ಉಳಿಯಿತು. ಹುಡುಗರು ದೊಡ್ಡವರಾದರು, ಇಬ್ಬರಿಗೂ ಮದುವೆಯಾಯಿತು, ಕಾಕಾ ತಮ್ಮ ಮನೆಯ ಹಾಸಿಗೆಯಲ್ಲೇ, ಎಲ್ಲರ ನಡುವೆ ಕಣ್ಣು ಮುಚ್ಚಿದರು. ಗಾಡಿಯ ಗಾಲಿಗಳನ್ನು ಯಾರೋ ರೈತರು ಒಯ್ದರು. ಬೇವಿನ ಗಿಡವೂ ಈಗಿಲ್ಲ, ಆ ಜಾಗದಲ್ಲಿ ಯಾರದೋ ಮೋಟಾರು ನಿಲ್ಲುತ್ತದೆ. ದಿನಕ್ಕೊಮ್ಮೆಯಾದರೂ ಅವರ ಬಾಗಿಲತ್ತ ನನ್ನ ಕಣ್ಣು ಹೋಗುತ್ತದೆ. ಅಲ್ಲಿ ಅವರಿಲ್ಲ ಎನ್ನುವುದು ಇಷ್ಟು ವರ್ಷವಾದರೂ ನನಗೆ ರೂಢಿಯಾಗಿಲ್ಲ.

ಹುನಗುಂದದಲ್ಲಿರುವ ಮಗಳು ಬರುವ ಸೋಮವಾರ ಮೊಮ್ಮಕ್ಕಳನ್ನು ಕರೆದುಕೊಂಡು ಬರುತ್ತಾಳೆ. ಅವಳು ಬಚ್ಚಿಟ್ಟ ಕಡಾಣಿ ನಮ್ಮ ಕುಣಿಯಲ್ಲೇ ಸಿಕ್ಕಿತು ಎಂದು ಅವಳಿಗೆ ಹೇಳಬೇಕೋ ಬೇಡವೋ ಎಂದು ವಾರದಿಂದ ಯೋಚಿಸುತ್ತಿದ್ದೇನೆ. ಮಗನ ಮಗ್ಗದ ಬದಿಯಿಂದ ಒಂದು ಚೂರು ಅರಿವೆ ತೆಗೆದು, ಔಡಲೆಣ್ಣೆಯಲ್ಲಿ ಅದ್ದಿ, ಕಡಾಣಿಯನ್ನು ಒರೆಸಿ ಮತ್ತೆ ಸುತ್ತಿಟ್ಟಿದ್ದೇನೆ. ಕೇಳಲು ಕಾಕಾ ಇಲ್ಲ, ಹೋಗಲು ಗಾಡಿ ಇಲ್ಲ... ಆದರೂ ಎಲ್ಲಿಟ್ಟೆನೆಂದು ಯಾರಿಗೂ ಹೇಳಿಲ್ಲ.